ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್

ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ (ಜನನ: ನವೆಂಬರ್ 20, 1848, ನಿಧನ: ಜನವರಿ 1915) ಅಮೆರಿಕ ಸಂಯುಕ್ತ ಸಂಸ್ಥಾನದ ಓಹಾಯೊ ರಾಜ್ಯದಲ್ಲಿ ಬಾಳಿದ ಸಂಶೋಧಕರು. ತಿರುಗುವ ಬ್ರಷ್ಷು ಮತ್ತು ಗಾಳಿಯ ಸೆಳೆತ ಎರಡನ್ನೂ ಒಂದೇ ಒಡಲಿನಲ್ಲಿ ಕೂಡಿಸಿ, ವಿದ್ಯುತ್ತಿನಿಂದ ನಡೆಯುವಂತೆ ಮಾಡಿ, ಒಬ್ಬರೇ ನಿಂತು ತಳ್ಳಿಕೊಂಡು ಹೋಗಬಹುದಾದ ವ್ಯಾಕ್ಯೂಮ್ ಕ್ಲೀನರನ್ನು ರೂಪಿಸಿದ ಕೀರ್ತಿ ಇವರದು. ಇಂಗ್ಲಿಷಿನಲ್ಲಿ ಅಪ್‌ರೈಟ್ ಎಂದು ಕರೆಯುವ ಈ ಮಾದರಿಗೆ ಅವರು 1908ರಲ್ಲಿ ಪೇಟೆಂಟ್ ಪಡೆದರು. ಅದೇ ವರ್ಷ ಆ ಹಕ್ಕು ವಿಲಿಯಂ ಹೆನ್ರಿ ಹೂವರ್ ಎಂಬ ಚರ್ಮೋದ್ಯಮಿಯ ಕೈಸೇರಿತು. ಯಂತ್ರವು ಹೂವರ್ ಎಂಬ ಹೆಸರಿನಲ್ಲಿಯೇ ಲೋಕಪ್ರಸಿದ್ಧವಾಯಿತು. ಯಂತ್ರವನ್ನು ಕಂಡುಹಿಡಿದಾಗ ಸ್ಪ್ಯಾಂಗ್ಲರರಿಗೆ ಅರವತ್ತು ವರ್ಷ ಸಮೀಪಿಸಿತ್ತು. ಅವರು ಉಬ್ಬಸದ ರೋಗಿಯಾಗಿದ್ದರು. ಒಂದು ದೊಡ್ಡ ಅಂಗಡಿಯಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದರು.

ಆರಂಭಿಕ ಜೀವನ

ಸ್ಪ್ಯಾಂಗ್ಲರ್ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಜನಿಸಿದರು. ಕುಟುಂಬವು ಮುಂದೆ ಓಹಾಯೊ ರಾಜ್ಯಕ್ಕೆ ಬಂದು ನೆಲೆಸಿತು. 1874ರಲ್ಲಿ ವಿವಾಹವಾದರು. ಜೀವನೋಪಾಯಕ್ಕೆ ಅವರು ಹಿಡಿದದ್ದು ವ್ಯಾಪಾರ. ಊರಿಂದೂರಿಗೆ ಸರಕು ಮಾರುವ, ಅಂಗಡಿ ನಡೆಸುವ ಕೆಲಸಗಳಲ್ಲಿ ಹಲವು ವರ್ಷ ಕಳೆದರು.

ಆದರೆ ಅವರ ಮನಸ್ಸು ಯಂತ್ರಗಳ ಕಡೆಗಿತ್ತು. 1880 ಮತ್ತು 1890ರ ದಶಕಗಳಲ್ಲಿ ಧಾನ್ಯದ ಪೈರನ್ನು ಕೊಯ್ಯುವ ಯಂತ್ರಕ್ಕೆ ಒಂದು ಸುಧಾರಣೆಯನ್ನೂ, ಒಣಹುಲ್ಲನ್ನು ಕೆದಕಿ ಒಟ್ಟುಗೂಡಿಸುವ ಸಲಕರಣೆಯನ್ನೂ, ತುಳಿದು ನಡೆಸುವ ಒಂದು ಬಗೆಯ ಬಂಡಿಯನ್ನೂ ರೂಪಿಸಿ ಪೇಟೆಂಟ್ ಪಡೆದರು. ಒಂದರಿಂದಲೂ ಕೈಗೆ ಹಣ ಬರಲಿಲ್ಲ. ಆ ಕಾಲದ ಮಧ್ಯಪಶ್ಚಿಮ ಅಮೆರಿಕದಲ್ಲಿ ಇಂಥ ಸಂಶೋಧಕರು ಊರಿಗೊಬ್ಬರಂತೆ ಇದ್ದರು. ಹಿತ್ತಲಿನ ಕೊಟ್ಟಿಗೆಯಲ್ಲಿ ಏನನ್ನೋ ಕಟ್ಟಿ, ಪೇಟೆಂಟ್ ಪಡೆದು, ಸಣ್ಣ ಕಂಪನಿ ತೆರೆದು, ಎರಡು ಮೂರು ವರ್ಷದಲ್ಲಿ ಬಾಗಿಲು ಮುಚ್ಚಿದವರ ಸಾಲು ಬಹಳ ಉದ್ದವಾದದ್ದು. 1907ರವರೆಗಿನ ಸ್ಪ್ಯಾಂಗ್ಲರರ ಬದುಕು ಆ ಸಾಲಿನಲ್ಲಿ ಇನ್ನೊಂದು ಹೆಸರಿಗಿಂತ ಹೆಚ್ಚೇನೂ ಆಗಿರಲಿಲ್ಲ.

ಅವರಿಗಿಂತ ಮೊದಲು

ಸ್ಪ್ಯಾಂಗ್ಲರರ ಸಾಧನೆಯನ್ನು ಅಳೆಯಬೇಕಾದರೆ ಆ ಕಾಲದ ಮನೆಗಳಲ್ಲಿ ನೆಲ ಹೇಗೆ ಶುಚಿಯಾಗುತ್ತಿತ್ತು ಎಂಬುದನ್ನು ತಿಳಿಯಬೇಕು. ನಮ್ಮ ನಾಡಿನಲ್ಲಿ ಮಣ್ಣಿನ ನೆಲವಾದರೆ ಸಗಣಿ ಸಾರಿಸುವುದು, ಕಲ್ಲಿನ ಅಥವಾ ಗಾರೆಯ ನೆಲವಾದರೆ ಗುಡಿಸಿ ಒರೆಸುವುದು ರೂಢಿ. ಧೂಳು ಏಳದಿರಲೆಂದು ಅಂಗಳಕ್ಕೆ ಮೊದಲೇ ನೀರು ಚಿಮುಕಿಸುತ್ತಾರೆ. ಚಳಿಯ ದೇಶಗಳ ಮನೆಗಳಲ್ಲಿ ನೆಲಕ್ಕೆ ದಪ್ಪನೆಯ ಉಣ್ಣೆಯ ಜಮಖಾನೆ ಹಾಸಿರುತ್ತಿದ್ದರು. ಅದಕ್ಕೆ ನೀರು ಚೆಲ್ಲುವಂತಿಲ್ಲ. ನೆನೆದ ಚಹಾ ಸೊಪ್ಪನ್ನು ಹಿಂಡಿ ಜಮಖಾನೆಯ ಮೇಲೆ ಎರಚಿ, ಧೂಳು ಅದಕ್ಕೆ ಅಂಟಿಕೊಂಡ ಮೇಲೆ ಪೊರಕೆಯಿಂದ ಗುಡಿಸುತ್ತಿದ್ದರು. ವರ್ಷಕ್ಕೊಮ್ಮೆ, ಚಳಿಗಾಲ ಕಳೆದ ಮೇಲೆ, ಜಮಖಾನೆಗಳನ್ನು ಹೊರಗೆ ಹೊತ್ತು ಹಗ್ಗದ ಮೇಲೆ ಹಾಕಿ ಬೆತ್ತದ ಕೋಲಿನಿಂದ ಬಡಿಯುತ್ತಿದ್ದರು. ಮನೆಯ ಹೆಂಗಸರಿಗೂ ಆಳುಗಳಿಗೂ ಇದು ವರ್ಷದ ಅತ್ಯಂತ ಕಷ್ಟದ ಕೆಲಸವಾಗಿತ್ತು.

1876ರಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಪಟ್ಟಣದ ಪಿಂಗಾಣಿ ವ್ಯಾಪಾರಿ ಮೆಲ್ವಿಲ್ ಬಿಸೆಲ್ ಜಮಖಾನೆ ಗುಡಿಸುವ ಒಂದು ಕೈಯಂತ್ರಕ್ಕೆ ಪೇಟೆಂಟ್ ಪಡೆದರು. ಉದ್ದನೆಯ ಹಿಡಿ, ಕೆಳಗೊಂದು ಪೆಟ್ಟಿಗೆ, ಅದರೊಳಗೆ ಗಾಲಿಗಳ ಜೊತೆ ತಿರುಗುವ ಬ್ರಷ್ಷು. ತಳ್ಳಿದಾಗ ಬ್ರಷ್ಷು ಕಸವನ್ನು ಎತ್ತಿ ಪೆಟ್ಟಿಗೆಯೊಳಕ್ಕೆ ಹಾಕುತ್ತಿತ್ತು. ಇದು ಬಹಳ ಜನಪ್ರಿಯವಾಯಿತು. ಕಣ್ಣಿಗೆ ಕಾಣುವ ಕಸವನ್ನು ಅದು ಚೆನ್ನಾಗಿಯೇ ತೆಗೆಯುತ್ತಿತ್ತು. ಕಣ್ಣಿಗೆ ಕಾಣದ ಸಣ್ಣ ಧೂಳನ್ನು ಮಾತ್ರ ಮೇಲಕ್ಕೆ ಎಬ್ಬಿಸಿ ಗಾಳಿಗೆ ಬಿಡುತ್ತಿತ್ತು.

ಗಾಳಿಯ ಸೆಳೆತದಿಂದ ಧೂಳು ತೆಗೆಯುವ ಆಲೋಚನೆಯೂ ಹೊಸದಾಗಿರಲಿಲ್ಲ. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಇದನ್ನು ದೊಡ್ಡ ಪ್ರಮಾಣದಲ್ಲಿ ಸಾಧಿಸಿದರು. ಅವರ ಯಂತ್ರ ಕುದುರೆಗಾಡಿಯ ಮೇಲೆ ಬರುತ್ತಿತ್ತು. ಮನೆಯ ಮುಂದೆ ಬೀದಿಯಲ್ಲಿ ನಿಲ್ಲಿಸಿ, ಕಿಟಕಿಗಳ ಮೂಲಕ ಉದ್ದನೆಯ ಕೊಳವೆಗಳನ್ನು ಒಳಕ್ಕೆ ಬಿಟ್ಟು ಕೆಲಸ ನಡೆಸಬೇಕಾಗಿತ್ತು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕಾಗಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಜಮಖಾನೆಗಳನ್ನು ಈ ಯಂತ್ರದಿಂದಲೇ ಶುಚಿಗೊಳಿಸಲಾಯಿತು. ಸಿರಿವಂತರು ಅದನ್ನು ಬಾಡಿಗೆಗೆ ಕರೆಸುತ್ತಿದ್ದರು. ದಿನನಿತ್ಯದ ಗುಡಿಸುವಿಕೆಗೆ ಒದಗುವ ಸಾಧನ ಅದಾಗಿರಲಿಲ್ಲ. ಹೀಗೆ ಒಂದು ಕಡೆ ಬ್ರಷ್ಷಿತ್ತು, ಸೆಳೆತವಿರಲಿಲ್ಲ. ಇನ್ನೊಂದು ಕಡೆ ಸೆಳೆತವಿತ್ತು, ಅದು ಒಬ್ಬ ಮನುಷ್ಯನ ಕೈಗೆ ಸಿಗುವಂತಿರಲಿಲ್ಲ.

ಗುಡಿಸುವ ಕೆಲಸ ಮತ್ತು ಯಂತ್ರದ ಹುಟ್ಟು

1907ರ ಹೊತ್ತಿಗೆ ಸ್ಪ್ಯಾಂಗ್ಲರ್ ಕ್ಯಾಂಟನ್ ನಗರದ ಝಾಲಿಂಜರ್ ಎಂಬ ದೊಡ್ಡ ಅಂಗಡಿಯಲ್ಲಿ ಕಟ್ಟಡ ನೋಡಿಕೊಳ್ಳುವ, ನೆಲ ಗುಡಿಸುವ ಕೆಲಸಕ್ಕೆ ಸೇರಿದ್ದರು. ಕ್ಯಾಂಟನ್ ಆಗ ಉಕ್ಕು, ಗಡಿಯಾರ, ಬೇರಿಂಗುಗಳ ಕಾರ್ಖಾನೆಗಳಿದ್ದ ಊರು. 1901ರಲ್ಲಿ ಹತ್ಯೆಗೊಳಗಾದ ಅಧ್ಯಕ್ಷ ವಿಲಿಯಂ ಮೆಕಿನ್ಲಿಯ ಸ್ವಂತ ಊರೂ ಅದೇ. ಅಂಥ ಊರಿನ ದೊಡ್ಡ ಅಂಗಡಿಯ ನೆಲದ ಮೇಲೆ ದಿನಕ್ಕೆ ಎಷ್ಟು ಜನರ ಕಾಲು ಓಡಾಡುತ್ತಿತ್ತೋ ಅಷ್ಟು ಧೂಳು ಜಮಖಾನೆಗೆ ಇಳಿಯುತ್ತಿತ್ತು. ಅದನ್ನು ಕೈಯಂತ್ರದಿಂದ ಗುಡಿಸುವ ಹೊಣೆ ಸ್ಪ್ಯಾಂಗ್ಲರರದು.

ಅವರಿಗೆ ಉಬ್ಬಸವಿತ್ತು. ಗುಡಿಸುವಾಗ ಕೆಮ್ಮು, ಏದುಸಿರು ಹೆಚ್ಚುತ್ತಿದ್ದವು. ತಮ್ಮ ಕೈಯಲ್ಲಿರುವ ಯಂತ್ರ ಎಬ್ಬಿಸುವ ಧೂಳೇ ಇದಕ್ಕೆ ಕಾರಣವೆಂದು ಅವರು ಊಹಿಸಿದರು. ವೈದ್ಯರ ಸಹಾಯವಿಲ್ಲದೆ, ದಿನವೂ ಅದೇ ಕೆಲಸ ಮಾಡುವವನು ಮಾತ್ರ ಗಮನಿಸಬಲ್ಲ ಸಂಗತಿ ಇದು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ನೂಲಿನ ಜುಂಗನ್ನು ಗುಡಿಸುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ: ಪೊರಕೆ ಧೂಳನ್ನು ತೆಗೆಯುವುದಕ್ಕಿಂತ ಹೆಚ್ಚಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ, ದಾರಿಯಲ್ಲಿ ಒಂದಷ್ಟನ್ನು ಗುಡಿಸುವವರ ಎದೆಯೊಳಕ್ಕೆ ಇಳಿಸುತ್ತದೆ. ಆ ವಯಸ್ಸಿನಲ್ಲಿ ಕೆಲಸ ಬಿಡುವುದು ಸ್ಪ್ಯಾಂಗ್ಲರರಿಗೆ ಸುಲಭದ ದಾರಿಯಾಗಿರಲಿಲ್ಲ. ಗುಡಿಸುವ ಸಾಧನವನ್ನೇ ಬದಲಿಸಲು ಅವರು ಮನಸ್ಸು ಮಾಡಿದರು.

ಮೊದಲ ಯಂತ್ರವನ್ನು ಕಟ್ಟಲು ಅವರು ಬಳಸಿದ ವಸ್ತುಗಳ ಪಟ್ಟಿ ಇಂದು ಸಂಶೋಧನೆಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಸಾಬೂನು ತುಂಬಿ ಬರುತ್ತಿದ್ದ ಪೆಟ್ಟಿಗೆ ಯಂತ್ರದ ಒಡಲಾಯಿತು. ಒಂದು ಸಣ್ಣ ವಿದ್ಯುತ್ ಮೋಟಾರಿಗೆ ಬೀಸಣಿಗೆಯ ರೆಕ್ಕೆಗಳನ್ನು ಜೋಡಿಸಿದರು. ಪೊರಕೆಯ ಕೋಲು ಹಿಡಿಯಾಯಿತು. ಧೂಳು ಸಂಗ್ರಹಿಸಲು ಹಿಂದುಗಡೆ ಒಂದು ದಿಂಬಿನ ಚೀಲವನ್ನು ಕಟ್ಟಿದರು. ಬಟ್ಟೆಯ ಎಳೆಗಳ ನಡುವಿನಿಂದ ಗಾಳಿ ಹೊರಹೋಗುತ್ತದೆ, ಧೂಳು ಒಳಗೇ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಯಂತ್ರ ಒರಟಾಗಿತ್ತು, ಸದ್ದು ಮಾಡುತ್ತಿತ್ತು. ಆದರೆ ಗುಡಿಸಿದಾಗ ಧೂಳು ಏಳಲಿಲ್ಲ.

1907ರ ಸೆಪ್ಟೆಂಬರಿನಲ್ಲಿ ಅವರು ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. 1908ರ ಜೂನ್ 2ರಂದು 889,823 ಸಂಖ್ಯೆಯ ಪೇಟೆಂಟ್ ಅವರಿಗೆ ದೊರೆಯಿತು.

ಯಂತ್ರದ ರಚನೆ

ಪೇಟೆಂಟಿನ ರೇಖಾಚಿತ್ರಗಳಲ್ಲಿರುವ ಯಂತ್ರಕ್ಕೂ ಮುಂದಿನ ಅರವತ್ತು ಎಪ್ಪತ್ತು ವರ್ಷಗಳ ಅಪ್‌ರೈಟ್ ಯಂತ್ರಗಳಿಗೂ ಇರುವ ಹೋಲಿಕೆ ಆಶ್ಚರ್ಯ ಹುಟ್ಟಿಸುತ್ತದೆ. ಮುಂಭಾಗದಲ್ಲಿ ಅಡ್ಡಲಾಗಿ ಮಲಗಿದ ಉರುಳೆಯಾಕಾರದ ಬ್ರಷ್ಷು. ಅದರ ಹಿಂದೆ ಮೋಟಾರು ಮತ್ತು ಬೀಸಣಿಗೆ. ಒಂದೇ ಮೋಟಾರು ಎರಡು ಕೆಲಸ ಮಾಡುತ್ತದೆ: ಬೀಸಣಿಗೆಯನ್ನು ತಿರುಗಿಸಿ ಗಾಳಿಯನ್ನು ಸೆಳೆಯುತ್ತದೆ, ಪಟ್ಟಿಯ ಮೂಲಕ ಬ್ರಷ್ಷನ್ನೂ ತಿರುಗಿಸುತ್ತದೆ. ಹಿಂದುಗಡೆ ಚೀಲ, ಮೇಲಕ್ಕೆ ಓರೆಯಾಗಿ ಚಾಚಿದ ಹಿಡಿ.

ಈ ಜೋಡಣೆಯ ಜಾಣತನವಿರುವುದು ಬ್ರಷ್ಷು ಮತ್ತು ಗಾಳಿ ಒಂದಕ್ಕೊಂದು ನೆರವಾಗುವುದರಲ್ಲಿ. ಜಮಖಾನೆಯ ಎಳೆಗಳ ಬುಡದಲ್ಲಿ ಕೂತ ಮರಳು, ಮಣ್ಣು ಬರಿಯ ಸೆಳೆತಕ್ಕೆ ಸುಲಭವಾಗಿ ಬರುವುದಿಲ್ಲ. ಬ್ರಷ್ಷು ಎಳೆಗಳನ್ನು ಬಿಡಿಸಿ ಅದನ್ನು ಸಡಿಲಗೊಳಿಸಬೇಕು. ಸಡಿಲಗೊಂಡ ಧೂಳು ಗಾಳಿಗೆ ಹಾರುವ ಮೊದಲೇ ಸೆಳೆತ ಅದನ್ನು ಒಳಕ್ಕೆ ಎಳೆದುಕೊಳ್ಳಬೇಕು. ಬಿಸೆಲ್ ಯಂತ್ರದ ಕೊರತೆಯನ್ನು ಬೂತ್ ಯಂತ್ರದ ಗುಣದಿಂದಲೂ, ಬೂತ್ ಯಂತ್ರದ ಕೊರತೆಯನ್ನು ಬಿಸೆಲ್ ಯಂತ್ರದ ಗುಣದಿಂದಲೂ ಸ್ಪ್ಯಾಂಗ್ಲರ್ ತುಂಬಿದರು. ಆದ್ದರಿಂದ ವ್ಯಾಕ್ಯೂಮ್ ಕ್ಲೀನರನ್ನು ಕಂಡುಹಿಡಿದವರು ಸ್ಪ್ಯಾಂಗ್ಲರ್ ಎಂದು ಬರೆಯುವುದು ಸರಿಯಲ್ಲ, ಹೂವರ್ ಎಂದು ಬರೆಯುವುದು ಇನ್ನೂ ತಪ್ಪು. ಸ್ಪ್ಯಾಂಗ್ಲರ್ ಕಂಡುಹಿಡಿದದ್ದು ಈ ಕೂಡಿಕೆಯನ್ನು, ಅದನ್ನು ಗುಡಿಸುವವರ ಕೈಯಳತೆಗೆ ತಂದದ್ದನ್ನು.

ಸ್ವಂತ ಕಂಪನಿ

ಪೇಟೆಂಟ್ ಕೈಗೆ ಬಂದರೂ ಬಂಡವಾಳವಿರಲಿಲ್ಲ. ಸ್ನೇಹಿತರ ಹಣದ ಬೆಂಬಲದಿಂದ ಸ್ಪ್ಯಾಂಗ್ಲರ್ ಎಲೆಕ್ಟ್ರಿಕ್ ಸಕ್ಷನ್ ಸ್ವೀಪರ್ ಕಂಪನಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸಂಸ್ಥೆ ಎಂಬುದು ಹೆಸರಿಗೆ ಮಾತ್ರ. ಕೆಲಸ ಮಾಡುತ್ತಿದ್ದವರು ಮನೆಮಂದಿ. ಯಂತ್ರಗಳನ್ನು ಜೋಡಿಸಲು ಮಗ, ಚೀಲಗಳ ಕೆಲಸಕ್ಕೆ ಮಗಳು ನೆರವಾದರು. ವಾರಕ್ಕೆ ಎರಡು ಮೂರು ಯಂತ್ರಗಳಿಗಿಂತ ಹೆಚ್ಚು ತಯಾರಾಗುತ್ತಿರಲಿಲ್ಲ.

ಕೊಳ್ಳುವವರೂ ಕಡಿಮೆ. ಆಗ ಅಮೆರಿಕದಲ್ಲೇ ಹತ್ತು ಮನೆಗಳಲ್ಲಿ ಒಂದಕ್ಕೂ ವಿದ್ಯುತ್ ಇರಲಿಲ್ಲ. ಇದ್ದ ಮನೆಗಳಲ್ಲೂ ಗೋಡೆಯಲ್ಲಿ ಸಾಕೆಟ್ಟುಗಳು ಅಪರೂಪ. ದೀಪದ ಬಲ್ಬನ್ನು ಬಿಚ್ಚಿ ಅದೇ ಹೋಲ್ಡರಿಗೆ ಯಂತ್ರದ ತಂತಿಯನ್ನು ಸಿಕ್ಕಿಸಬೇಕಾಗಿತ್ತು. ಮೈಸೂರು ಸಂಸ್ಥಾನಕ್ಕೆ ಹೋಲಿಸಿದರೆ ಕಾಲದ ಅಳತೆ ಸಿಗುತ್ತದೆ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರ ಆಗಸ್ಟಿನಲ್ಲಿ. ಸ್ಪ್ಯಾಂಗ್ಲರ್ ತಮ್ಮ ಪೆಟ್ಟಿಗೆಗೆ ಮೋಟಾರು ಜೋಡಿಸಿದ್ದು ಅದಾದ ಎರಡೇ ವರ್ಷಕ್ಕೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸುತ್ತಲಿನ ಹಳ್ಳಿಗಳಿಗೆ ಕಂಬ ಬರಲು ಇನ್ನೂ ದಶಕಗಳು ಬೇಕಾಗಿದ್ದವು.

ಹೂವರ್ ಕುಟುಂಬದ ಪ್ರವೇಶ

ಸ್ಪ್ಯಾಂಗ್ಲರ್ ಮನೆತನಕ್ಕೆ ಪರಿಚಿತರಾಗಿದ್ದ ಸೂಸನ್ ಟ್ರಾಕ್ಸೆಲ್ ಹೂವರ್ ಎಂಬ ಮಹಿಳೆ ಈ ಯಂತ್ರವನ್ನು ಮನೆಯಲ್ಲಿ ಬಳಸಿ ಮೆಚ್ಚಿಕೊಂಡರು. ಸ್ಪ್ಯಾಂಗ್ಲರರ ಬದುಕಿನ ತಿರುವು ಇದೇ. ಆಕೆಯ ಪತಿ ವಿಲಿಯಂ ಹೆನ್ರಿ ಹೂವರ್ (1849–1932) ಕ್ಯಾಂಟನ್ ನಗರದ ಉತ್ತರಕ್ಕಿದ್ದ ನ್ಯೂ ಬರ್ಲಿನ್ ಎಂಬ ಸಣ್ಣ ಊರಿನಲ್ಲಿ ಚರ್ಮ ಹದಮಾಡುವ, ಕುದುರೆಗಳ ಜೀನು, ಲಗಾಮು, ಕೊರಳಪಟ್ಟಿಗಳನ್ನು ತಯಾರಿಸುವ ದೊಡ್ಡ ಉದ್ಯಮ ನಡೆಸುತ್ತಿದ್ದರು. ಮೋಟಾರು ಕಾರುಗಳು ರಸ್ತೆಗೆ ಇಳಿಯತೊಡಗಿದ್ದವು. ಕುದುರೆಗೆ ಕೆಲಸ ಕಡಿಮೆಯಾದರೆ ಕುದುರೆಯ ಸಾಮಾನಿಗೂ ಬೇಡಿಕೆ ಇಳಿಯುವುದು ಖಚಿತವೆಂದು ಹೂವರ್ ಅರಿತಿದ್ದರು. ಅವರು ಹೊಸ ಉದ್ಯಮವೊಂದನ್ನು ಹುಡುಕುತ್ತಿದ್ದ ಹೊತ್ತಿಗೆ ಹೆಂಡತಿ ಈ ಯಂತ್ರವನ್ನು ತೋರಿಸಿದರು. ಸೂಸನ್ ಹೂವರ್ ಅವರ ಪಾತ್ರವನ್ನು ಹಲವು ಬರಹಗಳು ಒಂದು ವಾಕ್ಯದಲ್ಲಿ ಮುಗಿಸುತ್ತವೆ. ಮನೆಯ ಜಮಖಾನೆಯ ಮೇಲೆ ಯಂತ್ರವನ್ನು ನಡೆಸಿ ನೋಡಿ ಅದರ ಬೆಲೆಯನ್ನು ಮೊದಲು ಕಂಡುಕೊಂಡದ್ದು ಆಕೆ ಎಂಬುದು ನೆನಪಿಡಬೇಕಾದ ವಿಷಯ.

1908ರಲ್ಲಿ ಹೂವರ್ ಪೇಟೆಂಟಿನ ಹಕ್ಕನ್ನು ಕೊಂಡರು. ಎಲೆಕ್ಟ್ರಿಕ್ ಸಕ್ಷನ್ ಸ್ವೀಪರ್ ಎಂಬ ಹೆಸರನ್ನೇ ಉಳಿಸಿಕೊಂಡು ಅದೇ ವರ್ಷದ ಆಗಸ್ಟಿನಲ್ಲಿ ಕಂಪನಿಯನ್ನು ಹೊಸದಾಗಿ ಕಟ್ಟಿದರು. ಚರ್ಮದ ಕಾರ್ಖಾನೆಯ ಒಂದು ಮೂಲೆಯಲ್ಲಿ ಯಂತ್ರಗಳ ತಯಾರಿಕೆ ಆರಂಭವಾಯಿತು. ಸ್ಪ್ಯಾಂಗ್ಲರರನ್ನು ಹಣ ಕೊಟ್ಟು ಕಳುಹಿಸಿಬಿಡಲಿಲ್ಲ. ಅವರನ್ನು ಸಂಸ್ಥೆಯಲ್ಲೇ ಇರಿಸಿಕೊಂಡು, ತಯಾರಾದ ಯಂತ್ರಗಳ ಮೇಲೆ ಅವರಿಗೆ ಗೌರವಧನ ಸಲ್ಲುವಂತೆ ಒಪ್ಪಂದ ಮಾಡಿಕೊಂಡರು.

ಮೊದಲ ಮಾದರಿಗೆ ಮಾಡೆಲ್ ಓ ಎಂದು ಹೆಸರಿಟ್ಟರು. 1908ರ ಡಿಸೆಂಬರಿನಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ವಾರಪತ್ರಿಕೆಯಲ್ಲಿ ಒಂದು ಜಾಹೀರಾತು ಪ್ರಕಟವಾಯಿತು. ಬರೆದು ಕೇಳಿದವರಿಗೆ ಹತ್ತು ದಿನ ಉಚಿತವಾಗಿ ಯಂತ್ರವನ್ನು ಮನೆಯಲ್ಲಿ ಬಳಸಿ ನೋಡಲು ಕೊಡುವುದಾಗಿ ಅದು ತಿಳಿಸಿತು. ದೇಶದ ನಾನಾ ಮೂಲೆಗಳಿಂದ ಪತ್ರಗಳು ಬಂದವು. ಹೂವರ್ ಯಂತ್ರವನ್ನು ನೇರವಾಗಿ ಮನೆಗೆ ಕಳುಹಿಸದೆ, ಪತ್ರ ಬರೆದವರ ಊರಿನ ಒಳ್ಳೆಯ ಅಂಗಡಿಯೊಂದಕ್ಕೆ ಕಳುಹಿಸಿ, ಅಂಗಡಿಯವರೇ ಅದನ್ನು ಮನೆಗೆ ತಲುಪಿಸುವಂತೆ ಏರ್ಪಾಡು ಮಾಡಿದರು. ಮಾರಾಟವಾದರೆ ಅಂಗಡಿಗೆ ಕಮಿಷನ್. ಹೀಗೆ ಒಂದೇ ಜಾಹೀರಾತಿನಿಂದ ಊರೂರಿಗೆ ವಿತರಕರು ದೊರೆತರು. ಸ್ಪ್ಯಾಂಗ್ಲರರಿಗೆ ಇಲ್ಲದಿದ್ದ ಗುಣ ಇದು. ಹಲವು ವರ್ಷ ವ್ಯಾಪಾರದಲ್ಲಿಯೇ ಇದ್ದವರಾದರೂ ತಮ್ಮ ಯಂತ್ರಗಳಿಗೆ ಮಾರುಕಟ್ಟೆ ಕಟ್ಟುವುದು ಅವರಿಂದ ಆಗಿರಲಿಲ್ಲ.

ಕೊನೆಯ ವರ್ಷಗಳು

ಮುಂದಿನ ಆರು ವರ್ಷ ಸ್ಪ್ಯಾಂಗ್ಲರ್ ಸಂಸ್ಥೆಯೊಂದಿಗೆ ಇದ್ದು ಯಂತ್ರದ ಸುಧಾರಣೆಯಲ್ಲಿ ತೊಡಗಿದರು. ಗೌರವಧನದಿಂದ ಕುಟುಂಬಕ್ಕೆ ನೆಮ್ಮದಿ ಬಂತು. 1915ರ ಜನವರಿಯಲ್ಲಿ, ತಮ್ಮ 66ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಬದುಕಿನಲ್ಲಿ ಮೊದಲ ಬಾರಿಗೆ ರಜೆಯ ಪ್ರವಾಸಕ್ಕೆಂದು ಸಿದ್ಧವಾಗಿದ್ದಾಗ ಅವರು ತೀರಿಕೊಂಡರೆಂದು ಹೇಳಲಾಗುತ್ತದೆ. ಪೇಟೆಂಟಿನ ಹದಿನೇಳು ವರ್ಷಗಳ ಅವಧಿ ಮುಗಿಯುವ 1925ರವರೆಗೂ ಅವರ ಕುಟುಂಬಕ್ಕೆ ಗೌರವಧನ ಸಲ್ಲುತ್ತಿತ್ತು.

ಹೆಸರಿನ ವಿಚಾರ

ಕಂಪನಿಯ ಹೆಸರು ಹೂವರ್ ಎಂದು ಬದಲಾಯಿತು. ಕೆನಡಾ ಮತ್ತು ಬ್ರಿಟನ್ನಿಗೆ ಅದರ ವ್ಯಾಪಾರ ಹಬ್ಬಿತು. ಲಂಡನ್ನಿನ ಪಶ್ಚಿಮ ಹೊರವಲಯದ ಪೆರಿವೇಲ್ ಎಂಬಲ್ಲಿ 1930ರ ದಶಕದಲ್ಲಿ ಕಟ್ಟಿದ ಹೂವರ್ ಕಾರ್ಖಾನೆಯ ಬಿಳಿಯ ಕಟ್ಟಡ ಇಂದಿಗೂ ವಾಸ್ತುಶಿಲ್ಪದ ವಿದ್ಯಾರ್ಥಿಗಳು ನೋಡಲು ಹೋಗುವ ತಾಣ. ಬ್ರಿಟನ್ನಿನ ಆಡುಮಾತಿನಲ್ಲಿ ಹೂವರ್ ಎಂಬುದು ಕ್ರಿಯಾಪದವಾಗಿ ನಿಘಂಟನ್ನು ಸೇರಿತು. ಯಾವ ಕಂಪನಿಯ ಯಂತ್ರವಾದರೂ ಅದನ್ನು ನಡೆಸುವುದಕ್ಕೆ ಅದೇ ಪದ. ವನಸ್ಪತಿಗೆಲ್ಲ ಡಾಲ್ಡಾ ಎಂದೂ, ನಕಲು ಪ್ರತಿಗೆಲ್ಲ ಜೆರಾಕ್ಸ್ ಎಂದೂ ಕನ್ನಡಿಗರು ಕರೆದ ಹಾಗೆಯೇ ಇದು. ಜೆರಾಕ್ಸ್ ವಿಧಾನವನ್ನು ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ ಹೆಸರೂ ಹೆಚ್ಚು ಜನರಿಗೆ ತಿಳಿಯದು.

ಇದರಿಂದ ಸ್ಪ್ಯಾಂಗ್ಲರರಿಗೆ ಅನ್ಯಾಯವಾಯಿತೆ ಎಂಬ ಪ್ರಶ್ನೆ ಸಹಜ. ಹಣದ ಮಟ್ಟಿಗೆ ಅನ್ಯಾಯವಾಯಿತೆನ್ನಲು ಆಧಾರವಿಲ್ಲ. ಸಂಶೋಧಕರ ಬಳಿ ಚಿಲ್ಲರೆ ಹಣಕ್ಕೆ ಹಕ್ಕು ಕೊಂಡು ಅವರನ್ನು ಮರೆತುಬಿಟ್ಟ ಉದ್ಯಮಿಗಳ ನಡುವೆ ಹೂವರ್ ನ್ಯಾಯವಂತರಾಗಿಯೇ ಕಾಣುತ್ತಾರೆ. ಹೆಸರಿನ ಮಟ್ಟಿಗೆ ಮಾತ್ರ ನಷ್ಟ ಪೂರ್ತಿಯಾದದ್ದು. ಕಂಪನಿಯ ಮೊದಲ ಹೆಸರಿನಲ್ಲಿ ಸ್ಪ್ಯಾಂಗ್ಲರ್ ತಮ್ಮ ಹೆಸರನ್ನು ಸೇರಿಸಿರಲಿಲ್ಲ ಎಂಬುದೂ ಇಲ್ಲಿ ಗಮನಾರ್ಹ. ವಿದ್ಯುತ್ತು, ಸೆಳೆತ, ಗುಡಿಸುವುದು, ಈ ಮೂರು ಸಂಗತಿಗಳನ್ನಷ್ಟೇ ಅದು ಸಾರುತ್ತಿತ್ತು. 1929ರಿಂದ 1933ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಹರ್ಬರ್ಟ್ ಹೂವರ್ ಈ ಕುಟುಂಬದವರಲ್ಲ. ಕೆಲವು ಬರಹಗಳಲ್ಲಿ ಈ ಗೊಂದಲ ಕಾಣಿಸುತ್ತದೆ.

ಸ್ಪ್ಯಾಂಗ್ಲರ್ ಮಾದರಿಯ ಹಳೆಯ ಯಂತ್ರಗಳು

ಸ್ಪ್ಯಾಂಗ್ಲರರ ಜೋಡಣೆಯನ್ನು ಅನುಸರಿಸಿದ ಹಳೆಯ ಅಪ್‌ರೈಟ್ ಯಂತ್ರಗಳಿಗೆ ಇಂದು ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಅಭಿಮಾನಿಗಳೂ ಸಂಗ್ರಾಹಕರೂ ಇದ್ದಾರೆ. ಅವರ ಅಭಿಮಾನಕ್ಕೆ ಕಾರಣಗಳಿವೆ.

ಈ ಯಂತ್ರಗಳಲ್ಲಿ ಗಾಳಿಯ ದಾರಿ ಬಹಳ ಚಿಕ್ಕದು. ನೆಲದಿಂದ ಎದ್ದ ಧೂಳು ನೇರವಾಗಿ ಬೀಸಣಿಗೆಯ ಮೂಲಕವೇ ಹಾದು ಚೀಲಕ್ಕೆ ಹೋಗುತ್ತದೆ. ಉದ್ದನೆಯ ಕೊಳವೆಯಲ್ಲಿ ಶಕ್ತಿ ವ್ಯರ್ಥವಾಗುವುದಿಲ್ಲ. ಸಣ್ಣ ಮೋಟಾರಿನಿಂದಲೂ ಬಹಳಷ್ಟು ಗಾಳಿ ಹರಿಯುತ್ತದೆ. ಗುಂಡಿ ಒತ್ತಿದೊಡನೆ ಜೋಲುಬಿದ್ದಿದ್ದ ಬಟ್ಟೆಯ ಚೀಲ ಗಾಳಿ ತುಂಬಿ ಉಬ್ಬಿ ನಿಲ್ಲುತ್ತದೆ. ಕಮ್ಮಾರನ ತಿದಿಯನ್ನು ಕಂಡವರಿಗೆ ಈ ನೋಟ ಅಪರಿಚಿತವೆನಿಸದು. ಸೆಳೆತಕ್ಕೆ ಜಮಖಾನೆಯೇ ನೆಲದಿಂದ ಒಂದಿಷ್ಟು ಮೇಲೆದ್ದು ಯಂತ್ರದ ಬಾಯಿಗೆ ಅಂಟಿಕೊಳ್ಳುತ್ತದೆ. ಆಗ ತಿರುಗುವ ಉರುಳೆ ಅದನ್ನು ಅದುರಿಸುತ್ತದೆ. 1926ರಲ್ಲಿ ಹೂವರ್ ಸಂಸ್ಥೆ ಬ್ರಷ್ಷಿನ ಉರುಳೆಗೆ ಲೋಹದ ಬಡಿಗೋಲುಗಳನ್ನು ಸೇರಿಸಿತು. ವರ್ಷಕ್ಕೊಮ್ಮೆ ಹಗ್ಗದ ಮೇಲೆ ಹಾಕಿ ಬಡಿಯುತ್ತಿದ್ದ ಕೆಲಸ ಹೀಗೆ ಪ್ರತಿದಿನದ ಗುಡಿಸುವಿಕೆಯೊಳಗೇ ಸೇರಿಹೋಯಿತು.

ಒಡಲು ಎರಕದ ಅಲ್ಯೂಮಿನಿಯಂ. ಹಾಳಾಗುವ ಭಾಗಗಳು ಕೆಲವೇ: ರಬ್ಬರಿನ ಪಟ್ಟಿ ಸಡಿಲವಾಗುತ್ತದೆ, ಬ್ರಷ್ಷಿನ ಕೂದಲು ಸವೆಯುತ್ತದೆ, ಚೀಲ ಹರಿಯುತ್ತದೆ. ಇವನ್ನೆಲ್ಲ ಮನೆಯಲ್ಲೇ ತಿರುಪುಳಿ ಹಿಡಿದು ಬದಲಿಸಬಹುದಾಗಿತ್ತು. ದೋಷಗಳೂ ಇದ್ದವು. ಕಲ್ಲಿನ ಚೂರೋ ನಾಣ್ಯವೋ ಸಿಕ್ಕಿದರೆ ಅದು ನೇರವಾಗಿ ಬೀಸಣಿಗೆಗೆ ಬಡಿದು ರೆಕ್ಕೆ ಮುರಿಯುತ್ತಿತ್ತು. ಜಮಖಾನೆಯ ಅಂಚು ಉರುಳೆಗೆ ಸುತ್ತಿಕೊಂಡರೆ ಪಟ್ಟಿ ಉಜ್ಜಿ ಸುಟ್ಟ ರಬ್ಬರಿನ ವಾಸನೆ ಮನೆ ತುಂಬುತ್ತಿತ್ತು. ಬಟ್ಟೆಯ ಚೀಲದಿಂದ ಅತಿ ಸಣ್ಣ ಧೂಳು ಸೋರುವುದನ್ನು ಪೂರ್ತಿ ತಡೆಯಲು ಆಗಲಿಲ್ಲ. ಉಬ್ಬಸದ ರೋಗಿಯೊಬ್ಬ ರೂಪಿಸಿದ ಯಂತ್ರದಲ್ಲಿ ಕೊನೆಗೂ ಉಳಿದ ಕೊರತೆ ಇದೇ.

1936ರಲ್ಲಿ ಪ್ರಸಿದ್ಧ ವಿನ್ಯಾಸಕಾರ ಹೆನ್ರಿ ಡ್ರೈಫಸ್ ರೂಪಿಸಿದ ಹೂವರ್ 150 ಮಾದರಿಯನ್ನು ಸಂಗ್ರಾಹಕರು ಬಹಳ ಆದರದಿಂದ ಕಾಣುತ್ತಾರೆ. ಬೇಕಲೈಟಿನ ನಯವಾದ ಮೇಲ್ಮುಸುಕು, ಹಗುರವಾದ ಮೆಗ್ನೀಸಿಯಂ ಲೋಹ, ಮುಂದುಗಡೆ ದೀಪ ಇವೆಲ್ಲ ಸೇರಿ ಅದು ಆ ಕಾಲದ ರೈಲು ಎಂಜಿನ್ನುಗಳನ್ನು ನೆನಪಿಸುತ್ತದೆ. ಆದರೆ ಆ ಮುಸುಕನ್ನು ತೆಗೆದರೆ ಒಳಗಿರುವುದು ಸ್ಪ್ಯಾಂಗ್ಲರರ ಪೆಟ್ಟಿಗೆಯೇ: ಮುಂದೆ ಬ್ರಷ್ಷು, ನಡುವೆ ಬೀಸಣಿಗೆ, ಹಿಂದೆ ಚೀಲ. ಬ್ರಿಟನ್ನಿನಲ್ಲಿ ಮನೆಮಾತಾಗಿದ್ದ ಹೂವರ್ ಜೂನಿಯರ್ ಕೂಡ ಇದೇ ವಂಶದ್ದು. 1970ರ ದಶಕದ ಕೊನೆಯಲ್ಲಿ ಜೇಮ್ಸ್ ಡೈಸನ್ ತಮ್ಮ ಮನೆಯ ಹೂವರ್ ಜೂನಿಯರ್ ಯಂತ್ರದ ಚೀಲ ಕಟ್ಟಿಕೊಂಡು ಸೆಳೆತ ಕುಗ್ಗುವುದನ್ನು ಕಂಡು, ಚೀಲವಿಲ್ಲದ ಯಂತ್ರದ ಪ್ರಯೋಗಕ್ಕೆ ತೊಡಗಿದರು. ಅವರ ಮೊದಲ ಪ್ರಯೋಗಗಳೂ ಅಪ್‌ರೈಟ್ ಯಂತ್ರದ ಮೇಲೆಯೇ ನಡೆದವು.

ಭಾರತದಲ್ಲಿ

ಭಾರತದಲ್ಲಿ ಅಪ್‌ರೈಟ್ ಮಾದರಿ ನೆಲೆಯೂರಲಿಲ್ಲ. ಕಾರಣ ಸರಳ. ಬ್ರಷ್ಷಿನ ಉರುಳೆ ಇರುವುದು ಜಮಖಾನೆಗಾಗಿ. ನುಣುಪಾದ ರೆಡ್‌ಆಕ್ಸೈಡ್, ಮೊಸಾಯಿಕ್ ಅಥವಾ ಕಡಪ ಕಲ್ಲಿನ ನೆಲದ ಮೇಲೆ ಅದು ಕಾಳು, ಹರಳುಗಳನ್ನು ಒಳಕ್ಕೆ ಸೆಳೆಯುವ ಬದಲು ಮುಂದಕ್ಕೆ ಚಿಮ್ಮಿಸುತ್ತದೆ. ನವಲಗುಂದದ ಜಮಖಾನೆಯಂಥ ಹತ್ತಿಯ ಹಾಸುಗಳನ್ನು ನಮ್ಮಲ್ಲಿ ಬೇಕಾದಾಗ ಹಾಸಿ, ಕೊಡವಿ, ಮಡಿಸಿಡುತ್ತಾರೆ. ಗೋಡೆಯಿಂದ ಗೋಡೆಗೆ ಹಾಸಿ ಬಿಡುವ ರೂಢಿ ಇಲ್ಲ.

1982ರಲ್ಲಿ ಸ್ಥಾಪನೆಯಾದ ಯುರೇಕಾ ಫೋರ್ಬ್ಸ್ ಸಂಸ್ಥೆ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಸಹಯೋಗದೊಡನೆ ವ್ಯಾಕ್ಯೂಮ್ ಕ್ಲೀನರನ್ನು ಭಾರತದ ನಗರಗಳ ಮನೆಗಳಿಗೆ ಪರಿಚಯಿಸಿತು. ಅವು ನೆಲದ ಮೇಲೆ ಕೂತು ಕೊಳವೆಯ ಮೂಲಕ ಧೂಳನ್ನು ಸೆಳೆಯುವ ಯಂತ್ರಗಳು, ಸ್ಪ್ಯಾಂಗ್ಲರ್ ಮಾದರಿಯವಲ್ಲ. ಆದರೆ ಟೈ ಕಟ್ಟಿದ ಮಾರಾಟಗಾರ ಮನೆಬಾಗಿಲಿಗೆ ಬಂದು, ಒಳಗೆ ಕರೆದರೆ ಹಾಸಿಗೆಯಿಂದ ಧೂಳು ತೆಗೆದು ತೋರಿಸಿ ಮನೆಯವರನ್ನು ನಾಚಿಸುತ್ತಿದ್ದ ವಿಧಾನದ ಬೇರು ಮಾತ್ರ 1908ರ ಆ ಹತ್ತು ದಿನಗಳ ಉಚಿತ ಬಳಕೆಯಂಥ ಪದ್ಧತಿಗಳಲ್ಲಿಯೇ ಇದೆ. ಕೊಳ್ಳುವ ಮೊದಲು ಮನೆಯ ಧೂಳನ್ನು ಮನೆಯವರ ಕಣ್ಣಿಗೇ ತೋರಿಸಬೇಕೆಂಬುದು ಈ ಉದ್ಯಮದ ಹಳೆಯ ಪಾಠ.

ಸ್ಮರಣೆ

ಸ್ಪ್ಯಾಂಗ್ಲರರ ಹೆಸರನ್ನು 2006ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಸೇರಿಸಲಾಯಿತು. ಪೇಟೆಂಟ್ ದೊರೆತು ಆಗ 98 ವರ್ಷ ಕಳೆದಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಮೇಲಿನ ಸಿಟ್ಟಿನಿಂದಾಗಿ ನ್ಯೂ ಬರ್ಲಿನ್ ಊರಿನ ಹೆಸರನ್ನು 1918ರಲ್ಲಿ ನಾರ್ತ್ ಕ್ಯಾಂಟನ್ ಎಂದು ಬದಲಿಸಿದರು. ಹಳೆಯ ವ್ಯಾಕ್ಯೂಮ್ ಕ್ಲೀನರುಗಳ ಸಂಗ್ರಹಾಲಯ ಈಗ ಆ ಊರಿನಲ್ಲಿದೆ. ಅದು ಇರುವುದು ವಿಲಿಯಂ ಹೂವರ್ ಬಾಲ್ಯವನ್ನು ಕಳೆದ ಮನೆಯಲ್ಲಿ.